ಹೊಸಿಲಾಚೆಯ ಥರ್ಮಾಮೀಟರು

ಕನಕರಾಜುವಿನ ತಿಥಿಯ ಶಾಮಿಯಾನವನ್ನು ಹಿಂದಿನ ಸಂಜೆಯೇ ಬಿಚ್ಚಿಕೊಂಡು ಹೋಗಿದ್ದರು. ಬೆಳಿಗ್ಗೆ ಅತ್ತೆ ಚಿಕ್ಕಬೀರಮ್ಮ ಎಂದಿನಂತೆ ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದು, ಮೂಲೆಯಲ್ಲಿ ಚಾಪೆ ಹಾಸಿದಳು. ಗಂಡ ಸತ್ತ ಸೊಸೆ ಮೂರು ತಿಂಗಳು ಅಲ್ಲೇ ಕೂರಬೇಕು, ಹೊಸಿಲು ದಾಟುವಂತಿಲ್ಲ.

ಬೃಂದಾ ಮಾತ್ರೆಯ ಡಬ್ಬಿ ತೆರೆದಳು. ಉಳಿದಿದ್ದು ಒಂದು.

ಧಾರವಾಡದವಳು. ಮೈಸೂರಿನಲ್ಲಿ ಎಂ.ಎ. ಓದುವಾಗ ಕನಕರಾಜುವನ್ನು ಮೆಚ್ಚಿ ಮದುವೆಯಾಗಿ, ಪಿರಿಯಾಪಟ್ಟಣ ಸೀಮೆಯ ಈ ಹೊಗೆಸೊಪ್ಪಿನ ಊರಿಗೆ ಬಂದಿದ್ದಳು. ಬಾಯಿ ತೆರೆದರೆ ಅವಳ ಧಾರವಾಡದ ಮಾತಿಗೆ ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು. ರೊಟ್ಟಿ ಬಿಟ್ಟಳು, ಮುದ್ದೆ ನುಂಗುವುದನ್ನು ಕಲಿತಳು, ಜೊತೆಗೆ ಮಾತನ್ನೂ ನುಂಗಿದಳು. ಮೂರನೇ ವರ್ಷ ನಿದ್ದೆ ಬಾರದಾಯಿತು. ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು. ಕನಕರಾಜು ಮಾತ್ರ ಹುಣಸೂರಿನ ಡಾಕ್ಟರ ಬಳಿ ಕರೆದೊಯ್ದಿದ್ದ. ಮಾತ್ರೆ ತಪ್ಪಿದರೆ ತನ್ನ ಗತಿ ಏನೆಂದು ಅವಳಿಗೆ ಗೊತ್ತಿತ್ತು.

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

“ಎಲ್ಗವ್ವ ಒಂಟೆ?” ಎಂದಳು ಚಿಕ್ಕಬೀರಮ್ಮ.

“ಹುಣಸೂರಿಗೆ.”

“ಹುಚ್ಚಿನ್ ಮಾತ್ರೆಗಾ? ಊರೋರು ಉಗೀತಾರೆ ಕಣವ್ವ. ನಮ್ಮೋಳಾಗಿ ಬಾಳದ್ ಕಲಿ.”

“ಕಲತದ್ದು ಸಾಕಾತ್ರಿ ಅತ್ತಿ. ಕಲತು ಕಲತು ನಾ ಸಾಯಾಕತ್ತಿದ್ದೆ.”

ಮೂರು ವರ್ಷದಲ್ಲಿ ಆ ಮನೆಯೊಳಗೆ ಅವಳು ತನ್ನ ಮಾತಲ್ಲಿ ಆಡಿದ್ದು ಅಂದೇ ಮೊದಲು.

ಬೀದಿಯ ಕೊನೆಯಲ್ಲಿ ಚಿಕ್ಕಮಾದುವಿನ ಬ್ಯಾರನ್ ಹೊಗೆಯಾಡುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಆ ಗೂಡಿನ ಥರ್ಮಾಮೀಟರನ್ನು ಕನಕರಾಜು ಸಾಯುವ ಮುನ್ನ ತಮ್ಮ ಗೂಡಿಗೆಂದು ಎರವಲು ತಂದಿದ್ದ. ಸಾವಾದ ಮನೆಯಲ್ಲಿ ಕೇಳಬಾರದೆಂದು ಚಿಕ್ಕಮಾದು ಬಂದಿರಲಿಲ್ಲ. ಗೋಡೆ ಮುಟ್ಟಿಯೇ ಕಾವು ನೋಡುತ್ತಿದ್ದ. ಬೃಂದಾ ಥರ್ಮಾಮೀಟರನ್ನು ಗೋಡೆಯ ಗೂಟದಿಂದ ತೆಗೆದು, ಹೊಸಿಲು ದಾಟಿ, ಬ್ಯಾರನ್ ಕಡೆ ನಡೆದಳು.

ಚಿಕ್ಕಮಾದುವಿನ ಹೆಂಡತಿ ಮಲ್ಲಾಜಮ್ಮ ದೂರದಿಂದಲೇ ಕೂಗಿದಳು: “ಅಲ್ಲೇ ಕಲ್ ಮ್ಯಾಗಿಕ್ಕವ್ವ! ನಿನ್ ಕೈಯಿಂದ ಈಸ್ಕಂಡ್ರೆ ಸೊಪ್ಪೆಲ್ಲ ಕರ್ರಗಾಯ್ತದೆ!”

“ಕಲ್ಲಿನ ಮ್ಯಾಲ ಇಡೂದಿಲ್ರಿ, ಗಾಜಿಂದೈತಿ,” ಎಂದು ಬೃಂದಾ ಗೂಡಿನ ಬಳಿಯಿದ್ದ ಚಿಕ್ಕಮಾದುವಿನತ್ತ ಅದನ್ನು ಚಾಚಿದಳು. “ಅಣ್ಣಾ, ಕೈಯಾಗ ತಗೋರಿ.”

ಚಿಕ್ಕಮಾದು ಹೆಂಡತಿಯನ್ನು ನೋಡಿದ. ಬ್ಯಾರನ್ ನೋಡಿದ. ಬೃಂದಾ ಚಾಚಿದ ಕೈ ಇಳಿಸಲಿಲ್ಲ.

“ಜಲ್ದಿ ತಗೋರಿ, ಬಸ್ಸು ಬರೂ ಹೊತ್ತಾತು.”

“ತತ್ತವ್ವ ಅತ್ಲಾಗೆ! ಗ್ವಾಡೆ ಮುಟ್ಟಿ ಮುಟ್ಟಿ ಅಂಗೈಯೆಲ್ಲ ಬೊಬ್ಬೆ ಎದ್ದವೆ,” ಎನ್ನುತ್ತ ಅವನು ಲುಂಗಿಗೆ ಕೈ ಒರೆಸಿಕೊಂಡು, ಎರಡೂ ಕೈ ಚಾಚಿ ಅವಳ ಕೈಯಿಂದಲೇ ಅದನ್ನು ತೆಗೆದುಕೊಂಡ.