ಸಾಬುದಾಣಿ ಚಾ

ದುರಗವ್ವನ ಜ್ವರ ಇಳಿಯಿತು. ಬಾಯಿ ರುಚಿ ಮಾತ್ರ ತಿರುಗಿ ಬರಲಿಲ್ಲ. ಮೊರಬದ ಎರೆ ಹೊಲಗಳಲ್ಲಿ ಎಲ್ಲರಿಗಿಂತ ಮುಂದೆ ಸಾಲು ಹಿಡಿದು ಕಳೆ ತೆಗೆಯುತ್ತಿದ್ದ ಹೆಂಗಸು ಈಗ ಕೌದಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಟೈಫಾಯ್ಡ್ ಎಂದು ಡಾಕ್ಟರು ಕೊಟ್ಟಿದ್ದ ಗುಳಿಗೆಗಳೆಲ್ಲ ಮುಗಿದಿದ್ದವು. ಗಂಡ ಕನಕಪ್ಪ ಗಂಜಿ ಕಾಸಿ ತಂದರೆ ವಾಸನೆಗೇ ಓಕರಿಕೆ. ಅನ್ನ ಕಂಡರೆ ಮುಖ ತಿರುವುತ್ತಿದ್ದಳು. ಗಂಟಲಿಗೆ ಇಳಿಯುತ್ತಿದ್ದದ್ದು ಚಹಾ ಒಂದೇ.

“ಬರೇ ಚಾದ ಮ್ಯಾಲ ಎಷ್ಟ ದಿನಾ ಇರತಿ, ದುರಗೀ?” ಎಂದು ಅವನು ಅಂಗಲಾಚಿದ.

ಅವಳಿಗೆ ಹಸಿವು ಎನ್ನುವುದೇ ಮೈಬಿಟ್ಟು ಎದ್ದುಹೋದಂತಿತ್ತು.

ಬಸ್‌ಸ್ಟ್ಯಾಂಡಿನ ಬಾಜು ಮಹಬೂಬಸಾಬನ ಚಹಾದಂಗಡಿ. ಕನಕಪ್ಪ ಅಲ್ಲಿ ಕುಳಿತು ಈ ಗೋಳು ತೋಡಿಕೊಳ್ಳುತ್ತಿದ್ದಾಗ, ಒಳಗೆ ಪಾತ್ರೆ ತೊಳೆಯುತ್ತಿದ್ದ ಸಾಬನ ಹೆಂಡತಿ ಜುಲೇಖಾಬಿ ಕೇಳಿಸಿಕೊಂಡಳು. ಅಂದೇ ಸಂಜೆ ಸೆರಗು ಮುಚ್ಚಿದ ಲೋಟ ಹಿಡಿದು ಬಂದಳು. ಊರಿನ ಹೆಂಗಸರು ಊರಾಚೆಯ ದುರಗವ್ವನ ಕೇರಿಯೊಳಗೆ ಕಾಲಿಡುವುದೇ ಅಪರೂಪ. ಇವಳು ಸೀದಾ ಒಳಗೆ ಬಂದು ದುರಗವ್ವನ ಕೌದಿಯ ಮೇಲೇ ಕುಳಿತಳು.

“ಚಾ ತಂದೇನಿ, ಕುಡಿ.”

ದುರಗವ್ವ ಎದ್ದು ಒಂದು ಗುಟುಕು ಹೀರಿದಳು. ಎರಡನೆಯದರಲ್ಲಿ ನಾಲಿಗೆಗೆ ಏನೋ ನುಣ್ಣಗೆ ಜಾರಿತು. ಬೆಚ್ಚಿ ಲೋಟದೊಳಗೆ ನೋಡಿದಳು.

“ಇದೇನಕ್ಕಾ ಇದು?”

“ಸಾಬುದಾಣಿ, ಸಬ್ಬಕ್ಕಿ ಅಂತಾರಲ್ಲ, ಅದು. ಮೆತ್ತಗ ಕುದಿಸಿ ಕೆಳಗ ಹಾಕಿ, ಮ್ಯಾಲ ಹಾಲ ಜಾಸ್ತಿ ಇದ್ದ ಚಾ ಸುರುವೇನಿ. ಗಂಜಿ ಅಂದ್ರ ನಿನ್ನ ಗಂಟಲಾ ಬಾಗಲಾ ಹಾಕ್ಕೊಂತೈತಿ, ಚಾ ಅಂದ್ರ ತಗೀತೈತಿ. ಅದಕ್ಕ ಚಾದ ಬೆನ್ನಿಗೆ ಇದನ್ನೂ ಕದ್ದು ಒಳಗ ಕಳಿಸಿದೆ.”

ದುರಗವ್ವನಿಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಕನಕಪ್ಪ ಆ ನಗು ಕೇಳಿ, ಕಣ್ಣಿಗೆ ಧೂಳು ಬಿತ್ತೆಂದು ಹೇಳಿ ಹೊರಗೆ ಹೋದ.

ಅಂದಿನಿಂದ ದಿನಾ ಸಂಜೆ ಲೋಟ ಬಂತು. ದುರಗವ್ವ ಎದ್ದು ಕುಳಿತಳು, ಆಮೇಲೆ ಕಟ್ಟೆಯವರೆಗೆ ಬಂದಳು. ಸಾಬುದಾಣಿ ಚಾದಲ್ಲಿ ಭಾರಿ ಶಕ್ತಿ ಇದೆಯೆಂದು ಕೇರಿಗೆಲ್ಲ ಸುದ್ದಿಯಾಯಿತು. ಆದರೆ ನಾಲ್ಕು ಹೆಜ್ಜೆ ಹಾಕಿದರೆ ಅವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು, ಎದೆ ಹಾರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಜುಲೇಖಾಬಿಯ ಉಪಕಾರಕ್ಕೆ ಹೆಸರು ಕೆಟ್ಟೀತು ಎಂಬ ಅಳುಕು.

ಒಂದು ಸಂಜೆ ನರ್ಸಬಾಯಿ ಶಾರದವ್ವ ಕೇರಿಗೆ ಬಂದವರು ದುರಗವ್ವನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಒಳಗೆ ಸುಣ್ಣದಂತೆ ಬಿಳುಪು.

“ಏನ ತಿಂತೀರಿ?”

“ಸಾಬುದಾಣಿ ಚಾ ಕುಡೀತೇನ್ರಿ, ನರ್ಸಬಾಯಾರ. ಮತ್ತೇನೂ ಸೇರೂದಿಲ್ರಿ.”

ಅಷ್ಟರಲ್ಲಿ ಜುಲೇಖಾಬಿಯೂ ಲೋಟ ಹಿಡಿದು ಬಂದಳು. ಶಾರದವ್ವ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: “ಸಾಬುದಾಣಿ ಲಗೂನ ಪಚನ ಆಗತೈತಿ, ತ್ರಾಣ ಕೊಡತೈತಿ. ಹಾಲಿನಿಂದ ಒಂದೀಟ ಪುಷ್ಟಿನೂ ಆತು. ಆದ್ರ ರಕ್ತ ಮಾಡೂವಂಥಾದ್ದು ಇದರಾಗ ಏನೂ ಇಲ್ಲ. ಬ್ಯಾಳಿ, ಶೇಂಗಾ, ಹಸರ ತಪ್ಪಲಪಲ್ಯಾ ಹೊಟ್ಟಿಗೆ ಹೋಗಬೇಕ್ರಿ. ಊಟದ ಬೆನ್ನಿಗೇ ಚಾ ಕುಡದ್ರ ಅದರ ಸತ್ವನೂ ಮೈಗೆ ಹತ್ತೂದಿಲ್ಲ.”

ಜುಲೇಖಾಬಿಯ ಮುಖ ಸಪ್ಪಗಾಯಿತು. “ಹಂಗಾರ ನಾನಽ ಇಕಿಗೆ ಕೇಡ ಮಾಡಿದೆನೇನ್ರಿ?”

“ಎಲ್ಲೀದು, ತಂಗೀ! ಮುಚ್ಚಿದ ಗಂಟಲಾ ತಗಿಸಿದಾಕಿ ನೀನು. ನೀ ಬರದಿದ್ರ ಇಕೀ ಇಲ್ಲಿ ಕುಂತ ಮಾತಾಡತಿದ್ದಿಲ್ಲ. ಇನ್ನ ಮುಂದ ಏನ ಇಳಿಸಬೇಕು ಅನ್ನೂದನ್ನ ನೋಡೂಣು.” ಶಾರದವ್ವ ರಕ್ತ ಹೆಚ್ಚಿಸುವ ಗುಳಿಗೆಯನ್ನೂ ಕೊಟ್ಟು ಹೋದರು.

ದುರಗವ್ವ ಜುಲೇಖಾಬಿಯ ಕೈ ಹಿಡಿದುಕೊಂಡಳು. “ಅಕ್ಕಾ, ನಾಳೆ ಬರತಿ ಹೌದಲ್ಲ?”

ಬಂದಳು. ಲೋಟ ಅದೇ, ಒಳಗಿನದು ದಿನದಿಂದ ದಿನಕ್ಕೆ ಬೇರೆ. ಚಹಾಪುಡಿ ಕಡಿಮೆಯಾಗುತ್ತ ಬಂತು. ಸಾಬುದಾಣಿಯ ಜೊತೆ ನುಣ್ಣಗೆ ಅರೆದ ಶೇಂಗಾ ಬಂತು. ಒಂದು ದಿನ ಚಹಾದ ಬದಲು ಬೆಲ್ಲ ಹಾಕಿದ ಹೆಸರುಬೇಳೆ ಪಾಯಸವೇ ಬಂತು. ದುರಗವ್ವನಿಗೆ ಎಲ್ಲ ಗೊತ್ತಾಗುತ್ತಿತ್ತು. ಮೊದಮೊದಲು ಸೇರದಿದ್ದರೂ, ಇಷ್ಟೆಲ್ಲ ಯೋಚಿಸಿ ಮಾಡಿದವಳ ಮುಂದೆ ಬೇಡವೆನ್ನಲು ಮನಸ್ಸಾಗದೆ ಕಣ್ಣು ಮುಚ್ಚಿ ಕುಡಿದಳು. ಬರಬರುತ್ತ ಕಣ್ಣು ತೆರೆದೇ ಕುಡಿದಳು. ಕೊನೆಗೊಂದು ಮುಂಜಾನೆ ಪಕ್ಕದ ಮನೆಯ ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬಿದ್ದದ್ದೇ ಬಾಯಲ್ಲಿ ನೀರೂರಿತು.

“ರೊಟ್ಟಿ ತಿನ್ನಬೇಕು ಅನಸಾಕತ್ತೈತಿ,” ಎಂದಳು. ಕನಕಪ್ಪ ನಂಬದವನಂತೆ ನಿಂತು, ಆಮೇಲೆ ಓಡಿಹೋಗಿ ಬಿಸಿ ರೊಟ್ಟಿ ಬೇಡಿ ತಂದ.

ಚಳಿ ಬೀಳುವ ಹೊತ್ತಿಗೆ ದುರಗವ್ವ ಜೋಳದ ಹೊಲಕ್ಕೆ ಹೋಗುವಂತಾದಳು. ಮೊದಲ ದಿನವೇ ಸಾಲಿನ ನಡುವೆ ಎಳೆ ಹಕ್ಕರಕಿ ಸೊಪ್ಪು ಎದ್ದದ್ದು ಕಂಡು ಉಡಿ ತುಂಬ ಕಿತ್ತುಕೊಂಡು ನೆಟ್ಟಗೆ ಜುಲೇಖಾಬಿಯ ಮನೆಗೆ ಬಂದಳು. ಇಬ್ಬರೂ ಒಲೆಯ ಮುಂದೆ ಕುಳಿತು ಒಂದೇ ತಾಟಿನಲ್ಲಿ ರೊಟ್ಟಿಗೆ ಶೇಂಗಾ ಚಟ್ನಿ, ಹಸಿ ಹಕ್ಕರಕಿ ಹಚ್ಚಿಕೊಂಡು ತಿನ್ನತೊಡಗಿದರು.

ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತನ್ನು ಹೇಳಬೇಕೆಂದು ದುರಗವ್ವ ಬಾಯಿ ತೆರೆದಳು. “ಅಕ್ಕಾ, ನೀ ಮಾಡಿದ್ದನ್ನ ನಾ ಹ್ಯಾಂಗ...”

“ಸುಮ್ಮ ತಿನ್ನಬೇ, ರೊಟ್ಟಿ ಆರತೈತಿ,” ಎಂದಳು ಜುಲೇಖಾಬಿ. ಅವಳ ದನಿ ಒದ್ದೆಯಾಗಿತ್ತು.

ದುರಗವ್ವ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿಗೆ ಕೈಚಾಚಿದಳು.