ಬಲಗೈ ತೋಳುಗಳು

ನಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ನಾನು, ಹೊಲಿಯುವುದು ನನ್ನ ತಂಗಿ. ನಲವತ್ತು ತುಂಬುವವರೆಗೂ ನನ್ನ ಕೈಗೆ ಕತ್ತರಿ ಕೊಡಲು ಮನೆಯವರೆಲ್ಲ ಹೆದರುತ್ತಿದ್ದರು. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಟೇಪಿಗಾಗಿ ಮನೆಯೆಲ್ಲ ತಡಕಾಡುವವಳು ನಾನು. ಕಾಲರಿಗೆ ಗುರುತು ಹಾಕುತ್ತ ಕುಳಿತವಳು ಬೀದಿಯಲ್ಲಿ ಯಾರದೋ ಜಗಳ ಕೇಳಿಸಿತೆಂದು ಎದ್ದರೆ ಮುಗಿಯಿತು, ಆ ಕಾಲರಿನ ಗತಿ ದೇವರಿಗೇ ಪ್ರೀತಿ. ಕೊನೆಗೊಬ್ಬ ಡಾಕ್ಟರಮ್ಮ ನನ್ನ ಕಥೆಯನ್ನೆಲ್ಲ ಸಾವಧಾನವಾಗಿ ಕೇಳಿ, ಇದು ಸೋಮಾರಿತನವಲ್ಲ, ಗಮನ ನಿಲ್ಲದ ತೊಂದರೆ ಎಂದರು. ದಿನಾ ಬೆಳಿಗ್ಗೆ ನುಂಗಲು ಒಂದು ಮಾತ್ರೆ ಬರೆದುಕೊಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ. ಅಷ್ಟು ವರ್ಷ ತಿಂದ ಬೈಗುಳವೆಲ್ಲ ದಂಡ ಅನ್ನಿಸಿತು.

ಮಾತ್ರೆ ಬಂದ ಮೇಲೆ ನಾನು ಕುಳಿತಲ್ಲಿ ಕೂರುವುದನ್ನು ಕಲಿತೆ. ಕತ್ತರಿಸುವ ಮೇಜು ನನ್ನದಾಯಿತು. ಆದರೆ ತಂಗಿಯ ಬಾಯಿಗೆ ಬೀಗ ಹಾಕುವವರು ಯಾರು? ಗಿರಾಕಿಗಳು ಕೋಟು ಚೆನ್ನಾಗಿ ಕೂತಿದೆ ಅಂದರೆ ಸಾಕು, “ಅದು ಅಕ್ಕನ ಕೈಯಲ್ಲ, ಅಕ್ಕನ ಮಾತ್ರೆ” ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಚುರ್ರೆನ್ನುತ್ತಿತ್ತು. ಅವಳು ಹೇಳುವುದೇ ನಿಜವಾಗಿದ್ದರೆ ಎಂಬ ಭಯ ನನ್ನನ್ನು ಬಿಟ್ಟೇ ಇರಲಿಲ್ಲ.

ಮೊನ್ನೆ ಬ್ಯಾಂಡಿನವರ ಕೋಟುಗಳ ಕೆಲಸ ಬಂತು. ದಪ್ಪ ನೀಲಿ ಬಟ್ಟೆ, ತೋಳಿನ ಮೇಲೆ ಮೊಣಕೈಗಿಂತ ಸ್ವಲ್ಪ ಕೆಳಗೆ ಅಗಲವಾದ ಬಂಗಾರದ ಬಣ್ಣದ ಪಟ್ಟಿ. ಮೈ ಭಾಗವನ್ನೆಲ್ಲ ಕತ್ತರಿಸಿದ್ದೆ, ತೋಳುಗಳಷ್ಟೇ ಬಾಕಿ. ಪಟ್ಟಿ ತರಲು ಪೇಟೆಗೆ ಹೋಗಿ ಸಂಜೆ ಬಂದು ನೋಡಿದರೆ ತಂಗಿ ಮೇಜಿನ ಮುಂದೆ ನಿಂತಿದ್ದಳು. ತಾನೇ ಕತ್ತರಿಸಿದ ತೋಳುಗಳನ್ನು ಅಂಚಿಗೆ ಅಂಚು ಕೂಡಿಸಿ ಪೇರಿಸಿದ್ದಳು. ಕೆಲಸ ಕಣ್ಣಿಗೆ ಒತ್ತಿಕೊಳ್ಳುವಷ್ಟು ನೀಟಾಗಿತ್ತು.

“ನೋಡಕ್ಕ, ಎಲ್ಲಾ ಮುಗಿಸಿದೆ! ಊಟಾನೂ ಮಾಡಿಲ್ಲ, ಹಸಿವೇ ಇಲ್ಲ!” ಅವಳ ಕಣ್ಣು ಅರಳಿತ್ತು, ತುಟಿ ಒಣಗಿತ್ತು, ಮಾತು ನಿಲ್ಲುತ್ತಲೇ ಇರಲಿಲ್ಲ.

ಮೇಲಿನ ತೋಳನ್ನು ಎತ್ತಿ ನೋಡಿದೆ. ಬಲಗೈಯದು. ಅದರ ಕೆಳಗಿನದೂ ಬಲಗೈಯದು. ತಳದವರೆಗೂ ಬಲಗೈಗಳೇ! ತೋಳು ಕತ್ತರಿಸುವಾಗ ಬಟ್ಟೆಯನ್ನು ಹೊಳಪಿನ ಮುಖಕ್ಕೆ ಮುಖ ಸೇರಿಸಿ ಮಡಚಬೇಕು, ಆಗ ಒಂದು ಪದರ ಬಲಕ್ಕೆ, ಇನ್ನೊಂದು ಎಡಕ್ಕೆ ಬರುತ್ತದೆ. ಇವಳು ಎಲ್ಲ ಪದರಗಳನ್ನೂ ಮುಖ ಮೇಲಾಗಿ ಹಾಸಿದ್ದಳು. ಹೊಳಪು ಒಂದೇ ಮಗ್ಗುಲಿಗಿದ್ದ ಬಟ್ಟೆ, ತಿರುವಿ ಹಾಕುವ ಹಾಗೂ ಇಲ್ಲ.

“ನನ್ನ ಮಾತ್ರೆ ನುಂಗಿದ್ಯಾ?”

“ಎರಡು. ನೀನು ಒಂದು ತಗೊಂಡೇ ಇಷ್ಟು ಚೆನ್ನಾಗಿ ಕತ್ತರಿಸ್ತೀಯಲ್ಲ... ಅಕ್ಕ, ಎದೆ ಯಾಕೋ ಡವಡವ ಅಂತಿದೆ ಕಣೆ.”

ಕೋಪ ನೆತ್ತಿಗೇರಿತ್ತು, ಆದರೂ ಮೊದಲು ಅವಳನ್ನು ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದೆ. ಎದೆಬಡಿತ ಇಳಿಯುವವರೆಗೂ ಅವರು ಅವಳನ್ನು ಅಲ್ಲೇ ಮಲಗಿಸಿಕೊಂಡರು. “ನಿಮ್ಮಕ್ಕನ ಕನ್ನಡಕ ಹಾಕ್ಕೊಂಡು ರಸ್ತೆ ದಾಟ್ತೀರೇನಮ್ಮ?” ಎಂದು ಅವಳನ್ನು ಗದರಿಸಿ ನನ್ನ ಕಡೆ ತಿರುಗಿದರು. “ನೀವು ಇನ್ಮೇಲೆ ಮಾತ್ರೆನ ಬೀಗ ಹಾಕಿ ಇಟ್ಕೊಳ್ಳಿ. ಈ ಮಾತ್ರೆಗೆ ಹಳೇ ಚೀಟಿಯ ತಾರೀಖು ಮುಗಿಯೋ ತನಕ ಹೊಸ ಚೀಟಿ ಬರ್ಕೊಡೋ ಹಾಗಿಲ್ಲ.”

ತಂಗಿ ನುಂಗಿದ್ದು ಉಳಿದಿದ್ದ ಕೊನೆಯ ಎರಡು. ಕೋಟು ಕೊಡಬೇಕಾದದ್ದು ನಾಡಿದ್ದು. ಮಾತ್ರೆ ಇಲ್ಲದೆ ನಾನು ಆ ಮೇಜಿನ ಮುಂದೆ ಕೂರುವುದುಂಟೇ?

ಮರುದಿನ ಬೆಳಿಗ್ಗೆ ತಂಗಿ ನನ್ನ ಎದುರಿಗೆ ಸ್ಟೂಲು ಹಾಕಿಕೊಂಡು ಬಟ್ಟೆಯ ಇನ್ನೊಂದು ತುದಿ ಹಿಡಿದು ಕುಳಿತಳು. ನಾನು ಎದ್ದಾಗಲೆಲ್ಲ “ಅಕ್ಕ, ತೋಳು” ಅನ್ನುತ್ತಿದ್ದಳು. ಬಂದು ಕೂರುತ್ತಿದ್ದೆ. ಬ್ಯಾಂಡಿನವರೇ ಅಳೆದು ಕೊಟ್ಟ ಬಟ್ಟೆ, ಉಳಿದ ತುಂಡುಗಳಲ್ಲಿ ಇಡೀ ಎಡತೋಳು ಹೇಗಿಟ್ಟರೂ ಹಿಡಿಯಲಿಲ್ಲ. ಮತ್ತೆ ನನ್ನ ಗಮನ ಹಾರಿತು. ಬಂಗಾರದ ಪಟ್ಟಿಯನ್ನು ನನ್ನ ಕೈಗೇ ಸುತ್ತಿಕೊಂಡು ಆಟವಾಡುತ್ತ ಕುಳಿತೆ.

“ಅಕ್ಕ, ತೋಳು.”

“ಸುಮ್ನಿರೇ,” ಅಂದೆ. ಪಟ್ಟಿ ನನ್ನ ಮೊಣಕೈ ಕೆಳಗೆ ಕುಳಿತಿತ್ತು. ಅದರ ಅಡಿಯಲ್ಲಿ ಒಂದು ಜೋಡಣೆ ಇದ್ದರೆ ಯಾರಿಗೆ ಕಾಣಬೇಕು? ಭುಜದ ತುದಿಯೊಂದನ್ನು ಬಿಟ್ಟರೆ ಎಡ ಬಲ ಎಂಬ ತಕರಾರು ಹೆಚ್ಚಿಲ್ಲ. ಮೇಲಿನರ್ಧವನ್ನು ಉಳಿದ ತುಂಡುಗಳಲ್ಲಿ ಕತ್ತರಿಸುವುದು, ಕೆಳಗಿನರ್ಧಕ್ಕೆ ಹೆಚ್ಚಾದ ಬಲಗೈಗಳನ್ನೇ ಕತ್ತರಿಸಿ ಹಾಕುವುದು! ಆ ಪಟ್ಟಿ ಸುತ್ತಿಕೊಂಡು ಕೂರದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ಹೊಳೆದದ್ದನ್ನು ಮುಗಿಸಲು ಮಾತ್ರ ತಂಗಿ ಲೆಕ್ಕವಿಲ್ಲದಷ್ಟು ಸಲ “ಅಕ್ಕ, ತೋಳು” ಅನ್ನಬೇಕಾಯಿತು.

ಬ್ಯಾಂಡಿನ ಯಜಮಾನರು ಕೋಟು ತೊಟ್ಟು ಕನ್ನಡಿ ಮುಂದೆ ತುತ್ತೂರಿ ಎತ್ತಿ ಹಿಡಿದು ನೋಡಿಕೊಂಡರು. ತೋಳು ಎಲ್ಲೂ ಹಿಡಿಯಲಿಲ್ಲ. “ಎಷ್ಟು ಚೆನ್ನಾಗಿ ಕೂತಿದೆ ರೀ!” ಎಂದರು.

ನಾನು ತಂಗಿಯ ಕಡೆ ನೋಡಿದೆ. ಅವಳ ಮಾಮೂಲಿ ಮಾತು ಬರುತ್ತದೆಂದು ನಗಲು ತಯಾರಾದೆ. ಅವಳು ಹಲ್ಲಿನಲ್ಲಿ ದಾರ ಕಡಿದು, ತಲೆ ಎತ್ತದೆ, “ಅಕ್ಕನ ಕೈ, ಸಾರ್” ಎಂದಳು.

ನಾನು ಮುಖ ತಿರುಗಿಸಿಕೊಂಡು ಟೇಪು ಹುಡುಕತೊಡಗಿದೆ. ಅದು ನನ್ನ ಕೊರಳಲ್ಲೇ ಇತ್ತು.