ಅರ್ಧ ಟ್ಯಾಂಕು

ನಾಲ್ಕನೇ ಸಲವೂ ನಮ್ಮ ಜೆಟ್ ಡ್ರೋನು ಹಾರಿಸುವ ಹಳಿ ಬಿಟ್ಟ ಮೂರನೇ ಸೆಕೆಂಡಿಗೆ ಎಂಜಿನ್ ಆರಿ ಮುಗ್ಗರಿಸಿ ಬಿತ್ತು. ಸೈನ್ಯಕ್ಕೆಂದು ಆರು ವರ್ಷದಿಂದ ಕಟ್ಟುತ್ತಿರುವ ಯಂತ್ರ. ಐದನೇ ಸಲವೂ ಬಿದ್ದರೆ ಯೋಜನೆಗೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು. ಅದರ ಇಂಧನದ ಟ್ಯಾಂಕು, ಪೈಪು ಎಲ್ಲ ಜೋಡಿಸುವವಳು ನಾನು. ಶೆಡ್ಡಿನಲ್ಲಿ ನನ್ನ ಹೆಸರು ಮರೆತು ಪೈಪಕ್ಕ ಎಂದೇ ಕರೆಯುತ್ತಾರೆ.

ಯಾಕೆ ಬೀಳುತ್ತದೆಂದು ನನಗೆ ಎರಡನೇ ಸಲವೇ ಗೊತ್ತಾಗಿತ್ತು. ನೆಲದ ಪರೀಕ್ಷೆಯಲ್ಲಿ ಟ್ಯಾಂಕು ಪೂರ್ತಿ ತುಂಬಿಸುತ್ತೇವೆ, ನಿಯಮ ಹಾಗಿದೆ. ಹಾರಿಸುವಾಗ ಹಗುರ ಇರಲೆಂದು ಅರ್ಧ ತುಂಬಿಸುತ್ತೇವೆ, ಅದೂ ನಿಯಮವೇ. ಹಳಿಯ ಮೇಲೆ ಡ್ರೋನನ್ನು ಹಿಂದಿನಿಂದ ತಳ್ಳುವ ರಾಕೆಟ್ ಒದ್ದಾಗ ಆ ಅರ್ಧವೆಲ್ಲ ಹಿಂದಕ್ಕೆ ನುಗ್ಗುತ್ತದೆ. ಮುಂದಿರುವ ಪೈಪಿನ ಬಾಯಿಗೆ ಬರೀ ಗಾಳಿ. ಗಾಳಿ ಕುಡಿದು ಎಂಜಿನ್ ಎಷ್ಟು ಹೊತ್ತು ಬದುಕೀತು?

ಸಭೆಯಲ್ಲಿ ಇದನ್ನು ತೋರಿಸಲು ಅರ್ಧ ನೀರಿದ್ದ ಬಾಟಲಿ ತೆಗೆದುಕೊಂಡೆ. ಮುಚ್ಚಳ ಸಡಿಲವಿತ್ತು. ಜೋರಾಗಿ ಮುಂದಕ್ಕೆ ತಳ್ಳಿದ್ದೇ ತಡ, ನೀರೆಲ್ಲ ಮುಖ್ಯಸ್ಥರ ಫೈಲಿನ ಮೇಲೆ.

"ಪೈಪಕ್ಕ, ಮೊದ್ಲು ಬಾಟ್ಲಿ ರಿಪೇರಿ ಮಾಡಿ!" ಎಂದ ಸಾಫ್ಟ್‌ವೇರಿನವನು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಟ್ಯಾಂಕು ನೆಲದ ಪರೀಕ್ಷೇಲಿ ಪಾಸಾಗಿದೆ ಕಣಮ್ಮ," ಎಂದರು ಮುಖ್ಯಸ್ಥರು, ಫೈಲು ಒರೆಸುತ್ತ. "ಪಾಸಾಗಿದ್ದರ ಮೇಲೆ ತಪ್ಪು ಬರೆಯೋಕೆ ಫಾರಂನಲ್ಲಿ ಜಾಗಾನೇ ಇಲ್ಲ. ಸಾಫ್ಟ್‌ವೇರ್ ತಿದ್ದೋಣ."

ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ, ಎಲ್ಲ ಗುಟ್ಟು. ಆದರೂ ಅತ್ತೆ ಕೇಳಿದರು, "ಇವತ್ತೂ ಕೆಟ್ಟೋಯ್ತಾ, ಅದೇನೋ ನಿನ್ನ ಕೆಲಸ?"

"ಯಾರು ಹೇಳಿದ್ರತ್ತೆ?"

"ನೀನು ಪಾತ್ರೆ ಕುಕ್ಕೋ ಸದ್ದು."

ಐದನೇ ಹಾರಾಟದ ಬೆಳಿಗ್ಗೆ ಇಂಧನ ಅರ್ಧದ ಗೆರೆ ಮುಟ್ಟಿತು. ನಲ್ಲಿ ತಿರುಗಿಸಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕಂಠಪೂರ್ತಿ ತುಂಬಿಸಿ, ಹಾರಾಟದ ಹಾಳೆಯಲ್ಲಿ 'ಅರ್ಧ' ಎಂದು ಬರೆದು ಸಹಿ ಹಾಕಿದೆ.

ಭಾರಕ್ಕೆ ಡ್ರೋನು ಹಳಿಯ ತುದಿಯಲ್ಲಿ ಒಮ್ಮೆ ತಗ್ಗಿತು, ಆಮೇಲೆ ಏರಿತು. ಮೂರು ಸೆಕೆಂಡು ದಾಟಿತು, ನೂರು ದಾಟಿತು. ಹನ್ನೊಂದು ನಿಮಿಷ ಹಾರಿ, ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯಿತು. ಎಲ್ಲರೂ ಸಾಫ್ಟ್‌ವೇರಿನವನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ನಾನು ಶೆಡ್ಡಿನ ಹಿಂದೆ ಹೋಗಿ ಅತ್ತುಬಿಟ್ಟೆ.

ಸಂಜೆ ಮುಖ್ಯಸ್ಥರು ಮುಂದಿನ ಹಾರಾಟದ ಹಾಳೆ ಕೊಟ್ಟರು. ನೋಡಲು ಸೈನ್ಯದವರೇ ಬರುತ್ತಾರೆ. ಇಂಧನ: ಕಾಲು ಟ್ಯಾಂಕು.

"ಸಾಫ್ಟ್‌ವೇರ್ ಸರಿಹೋಯ್ತಲ್ಲ, ಇನ್ನೂ ಹಗುರ ಮಾಡೋಣ," ಎಂದರು.

"ಸರ್, ನಾನು ಇವತ್ತು ಫುಲ್ ಹಾಕಿದ್ದೆ."

ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಹಾಳೇಲಿ ಅರ್ಧ ಅಂತಿದೆ. ಸಹಿ ನಿಮ್ದೇ. ಫುಲ್ ಅಂದ್ರೆ ನಿಯಮ ಮುರಿದ ಹಾಗೆ, ಇವತ್ತಿನ ಹಾರಾಟ ರದ್ದು, ನಾಳೆ ಶೆಡ್ಡಿಗೆ ಬೀಗ. ಈಗ ಹೇಳಿ, ಎಷ್ಟು ಹಾಕಿದ್ರಿ?"

ಆರು ವರ್ಷ ಕಣ್ಣ ಮುಂದೆ ಬಂತು.

"ಅರ್ಧ, ಸರ್," ಎಂದು ಹಾಳೆ ತೆಗೆದುಕೊಂಡೆ.

ಮನೆಗೆ ಬಂದು ಪಾತ್ರೆ ತೊಳೆಯಲು ನಿಂತೆ.

"ಇವತ್ತೂ ಕೆಟ್ಟೋಯ್ತಾ?" ಅತ್ತೆ ಕೇಳಿದರು.

"ಇಲ್ಲತ್ತೆ. ಇವತ್ತು ಚೆನ್ನಾಗೇ ಆಯ್ತು."

"ಮತ್ತೆ ಪಾತ್ರೆ ಯಾಕೆ ಕುಕ್ತಿದೀಯ?"